ಜೋನಣ್ಣನ ಶಿವಗಣಾರಾಧನೆ

ಹುಬ್ಬಳ್ಳಿ
9 ಮಾರ್ಚ್ 2001

ಇವರಿಗೂ ಜೋನಣ್ಣ ಗೊತ್ತು ಕಣೇ ಶಶಿ, ನನ್ನ ಗಂಡನಿಗೆ, ಇಷ್ಟು ದೊಡ್ಡ ಕರ್ನಾಟಕದಲ್ಲಿ ಹುಡುಕಿ ಹುಡುಕಿ ನಮ್ಮಪ್ಪ ತಂದ ಈ ಬ್ಯಾಂಕಿನ ನಾಗಭೂಷಣ್ ಅವರಿಗೆ, ನಮ್ಮ ಜೋನಾ ಬ್ರಿಕ್ ಗೊತ್ತು.

ಕ್ಷೇಮಸಮಾಚಾರ ಆಮೇಲೆ, ಮೊದಲು ಇದನ್ನು ಕೇಳು. ಟ್ರಂಕಿನಿಂದ ಸೀರೆ ತೆಗೆಯುವಾಗ ಕ್ಯಾಸೆಟ್ಟು ಜಾರಿ ಬಿತ್ತು. ಇವರು ಎತ್ತಿಕೊಂಡು ನೋಡಿ, "ಓ, ಜೋನಾ ಬ್ರಿಕ್" ಅಂದರು. ನನಗೆ ಕೈಯಲ್ಲಿದ್ದ ಸೀರೆಯೂ ಜಾರಿತು. ಅಮೆರಿಕದ ಈ ರ‍್ಯಾಪರ್ ಒಬ್ಬನಿದ್ದಾನೆಂದು ತುಮಕೂರು ಜಿಲ್ಲೆಯಲ್ಲಿ ಗೊತ್ತಿರುವುದು ನನಗೆ, ನಿನಗೆ, ಕುಣಿಗಲ್ಲಿನ ಕ್ಯಾಸೆಟ್ ಅಂಗಡಿಯ ಕಾಂತೇಶನಿಗೆ, ಇನ್ನು ಕಾಂತೇಶ ಬಲವಂತವಾಗಿ ಕೇಳಿಸಿದ ಅಮೃತೂರಿನ ಹುಡುಗರಿಗೆ ಮಾತ್ರ ಎಂದು ಎಷ್ಟು ಜಂಬಪಟ್ಟಿದ್ದೆವು. ಮಾರನೆಯ ದಿನ ಇವರು ಷೇವ್ ಮಾಡಿಕೊಳ್ಳುತ್ತಾ ಅವನ ಒಂದು ಸಾಲನ್ನೂ ಹೇಳಿದರು. ನನ್ನ ಅದೃಷ್ಟ ನೋಡು.

ಇಂಗ್ಲಿಷಿನಲ್ಲಿ ಬರೆದರೆ ಓದುವುದಿಲ್ಲ ಅಂದಿದ್ದೆಯಲ್ಲ, ಅದಕ್ಕೇ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒತ್ತಕ್ಷರ ಎಲ್ಲಾದರೂ ಬಿಟ್ಟಿದ್ದರೆ ನೀನೇ ಹಾಕಿಕೋ, ಹುಟ್ಟಿದಾಗಿನಿಂದ ನಿಮ್ಮಪ್ಪನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಬೆಳೆದವಳು. ಕಾನ್ವೆಂಟಿನ ಹುಡುಗಿ ಎಂದು ನಗಬೇಡ.

ಮನೆ ಚೆನ್ನಾಗಿದೆ. ಅತ್ತೆ ಸಿದ್ದಲಕ್ಷ್ಮಮ್ಮನವರು ಕಡೂರಿನವರು, ಇಷ್ಟು ವರ್ಷ ಇಲ್ಲಿದ್ದರೂ ಮಾತು ನಮ್ಮ ಕಡೆಯದೇ. ಪಕ್ಕದ ಮನೆಯವರು ನನ್ನನ್ನು "ವೈನಿ" ಎಂದು ಕರೆಯುತ್ತಾರೆ, ಅತ್ತಿಗೆ ಅಂತ, ನಾನು ಹಿಂದೆ ತಿರುಗಿ ಯಾರನ್ನು ಎಂದು ನೋಡುತ್ತೇನೆ. ಬೆಳಗಾಗುವುದೇ ರೊಟ್ಟಿ ಬಡಿಯುವ ಸದ್ದಿಗೆ. ಆ ತಾಳಕ್ಕೆ ಜೋನಣ್ಣನ ಮಾತು ಎಷ್ಟು ಸರಿಯಾಗಿ ಕೂರುತ್ತದೆ ಅಂತೀಯ. ನೀನಿದ್ದಿದ್ದರೆ ಕನ್ನಡ ಮಾಡಿ ಕೂರಿಸಿಯೇ ಬಿಡುತ್ತಿದ್ದೆ.

ಮದುವೆಗೆ ನೀನು ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಕಾಂತೇಶ ಬಂದಿದ್ದ, "ಪ್ರೆಸ್ಸಲ್ಲಿ ಕೆಲ್ಸ ಅಂತೆ ಕಣೇ" ಅಂದ. ಫೋಟೋದಲ್ಲಿ ನನ್ನ ಎಡಗಡೆ ಸ್ವಲ್ಪ ಜಾಗ ಇದೆ. ಅದು ನಿನ್ನದು.

ನಿನ್ನ
ಅನು


ಹುಬ್ಬಳ್ಳಿ
30 ಮಾರ್ಚ್ 2001

ಶಶಿ,

ಯುಗಾದಿಗೂ ನಿನ್ನ ಪತ್ರವಿಲ್ಲ. ಹಬ್ಬದ ಮಾರನೆಯ ದಿನ ಎಸ್‌ಟಿಡಿ ಬೂತಿಗೆ ಹೋಗಿ ಗುಬ್ಬಿಗೆ ಫೋನ್ ಮಾಡಿದೆ. ನಿಮ್ಮಪ್ಪ ಎತ್ತಿದರು. "ಶಶಿ ಇಲ್ಲ ಕಣಮ್ಮ, ಹೊರಗೋಗವ್ಳೆ" ಅಂದರು. ಹಿಂದೆ ಅಚ್ಚು ಹಾಕುವ ಟ್ರೆಡಲ್ ಮೆಷಿನ್ನಿನ ಸದ್ದು ಕೇಳಿಸುತ್ತಿತ್ತು. ನಿಮ್ಮಪ್ಪ ಚನ್ನವೀರಯ್ಯನವರು ಫೋನಿನಲ್ಲಿದ್ದರೆ ಟ್ರೆಡಲ್ ತುಳಿಯುತ್ತಿದ್ದವರು ಯಾರೇ?

ಬೇಡ, ಉತ್ತರ ಹೇಳಬೇಡ.

ನಿನಗೊಂದು ಮಾತು ಹೇಳಬೇಕು. ಇವರಿಲ್ಲದ ಮಧ್ಯಾಹ್ನ ವಾಕ್‌ಮನ್ ಹಾಕಿಕೊಂಡು ಕೂತಿದ್ದೆ. ತುಮಕೂರು ಸ್ಟೇಷನ್ನಿನ ಬೆಂಚಿನ ಮೇಲೆ ನಿನ್ನ ಸಂಜೆಯ ಗುಬ್ಬಿ ಟ್ರೇನು ಬರುವವರೆಗೂ ಒಂದೇ ವೈರಿನ ಒಂದು ತುದಿ ನಿನ್ನ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ ಇರುತ್ತಿತ್ತಲ್ಲ. ನನ್ನ ಕಿವಿಗೆ ಅವನ ಮಾತು ಬರುತ್ತಿತ್ತು, ನಿನ್ನ ಕಿವಿಗೆ ತಾಳ. ನಾನು ಅರ್ಥ ಹೇಳಿದರೆ ನೀನು ಬೆಂಚು ತಟ್ಟುತ್ತಾ ಕನ್ನಡದಲ್ಲಿ ಕಟ್ಟುತ್ತಿದ್ದೆ. ಕಾಲೇಜಿನ ಮೂರು ವರ್ಷ ಆ ಕ್ಯಾಸೆಟ್ಟನ್ನು ನಾನು ಪೂರ್ತಿ ಕೇಳಿಯೇ ಇರಲಿಲ್ಲ ಎಂದು ಮೊನ್ನೆ ಗೊತ್ತಾಯಿತು. ಎರಡೂ ಕಿವಿಗೆ ಹಾಕಿಕೊಂಡರೆ ಯಾರೋ ಬೇರೆಯವನು ಹಾಡುತ್ತಿರುವ ಹಾಗಿದೆ. ಒಂದನ್ನು ತೆಗೆದಿಟ್ಟೆ.

ರಾತ್ರಿ ಇವರಿಗೆ ಇನ್ನೊಂದನ್ನು ಕೊಟ್ಟೆ. ಒಳ್ಳೆಯವರು, ಹಾಕಿಕೊಂಡರು, ನಿದ್ದೆ ಮಾಡಿಬಿಟ್ಟರು.

ಒಂದು ಸಾಲು ಬರಿ. ಬೈದಾದರೂ ಬರಿ.

ಅನು


ಗುಬ್ಬಿ
5 ಏಪ್ರಿಲ್ 2001

ಅನುಗೆ,

ಬೈಯುವುದಕ್ಕೆ ಏನೂ ಇಲ್ಲ. ಮದುವೆ ಸೀಸನ್ನು, ಕಾರ್ಡುಗಳ ರಾಶಿ. ಅಪ್ಪನಿಗೆ ಕಣ್ಣು ಮಂಜಾಗಿದೆ, ಅಚ್ಚಿನ ಮೊಳೆ ಜೋಡಿಸುವುದು ಪೂರ್ತಿ ನನ್ನ ಮೇಲೆ. ದಿನವಿಡೀ ಯಾರ್ಯಾರದೋ ಹೆಸರಿನ ಪಕ್ಕ ಯಾರ್ಯಾರದೋ ಹೆಸರು ಕೂರಿಸುತ್ತೇನೆ.

ಟ್ರೆಡಲ್ ತುಳಿಯುತ್ತಿದ್ದದ್ದು ಅವ್ವ. ನಂಬಿದರೆ ನಂಬು.

ನಿನ್ನ ಪತ್ರದಲ್ಲಿ ಒತ್ತಕ್ಷರವೆಲ್ಲ ಸರಿಯಾಗಿದೆ. ಗಂಡನಿಗೂ ಜೋನಣ್ಣ ಗೊತ್ತು ಎಂದು ಓದಿ ಸಂತೋಷವಾಯಿತು. ಇನ್ನು ನಿನಗೆ ಯಾರೂ ಬೆಂಚು ತಟ್ಟಬೇಕಾಗಿಲ್ಲ.

ಆಷಾಢಕ್ಕೆ ತವರಿಗೆ ಬರುತ್ತೀಯಲ್ಲ. ತುಮಕೂರಿಗೆ ಬಂದಮೇಲೆ ಗುಬ್ಬಿ ನಿನಗೆ ದೂರವಾಗುತ್ತದೋ ಏನೋ.

ಶಶಿರೇಖಾ


ಹುಬ್ಬಳ್ಳಿ
19 ಏಪ್ರಿಲ್ 2001

ಶಶಿ, ಅವನು ಹೋಗಿಬಿಟ್ಟ ಕಣೇ.

ನಿನಗೆ ಗೊತ್ತಾಗಿದೆಯೋ ಇಲ್ಲವೋ. ಇಂಗ್ಲಿಷ್ ಪೇಪರಿನ ಹಿಂದಿನ ಪುಟದಲ್ಲಿ, ಕ್ರಿಕೆಟ್ ಸ್ಕೋರಿನ ಕೆಳಗೆ, ನಾಲ್ಕು ಸಾಲು. ಹಾಡಿ ವಾಪಸು ಬರುವಾಗ ಕಾರು ಸೇತುವೆಗೆ ಹೊಡೆಯಿತಂತೆ. ಅವನ ಊರಿನಲ್ಲಿ ಜನ ಬೀದಿಯಲ್ಲಿ ಮೇಣದ ಬತ್ತಿ ಹಿಡಿದು, ಅವನ ಹಾಡನ್ನು ಗಟ್ಟಿಯಾಗಿ ಹೇಳುತ್ತಾ ನಿಂತಿದ್ದಾರಂತೆ. ಸಾವಿರಾರು ಜನ. ನಾನು ಇಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದೆ.

ಪೇಪರು ಹಿಡಿದು ಇವರ ಹತ್ತಿರ ಓಡಿದೆ. "ಜೋನಾ ಬ್ರಿಕ್ ಹೋಗಿಬಿಟ್ರು" ಅಂದೆ. ಇವರು ಟೈ ಕಟ್ಟುತ್ತಾ, "ಯಾರು?" ಅಂದರು.

ಆಮೇಲೆ ನೆನಪಾಗಿ ಇವರ ಮುಖ ಕೆಂಪಾಯಿತು. ಪಾಪ, ಆವತ್ತು ಕ್ಯಾಸೆಟ್ಟಿನ ಮೇಲೆ ಬರೆದಿದ್ದ ಹೆಸರನ್ನು ಓದಿದ್ದರು, ಅಷ್ಟೇ. ನಾನು ಕುಣಿದಾಡಿದ್ದು ನೋಡಿ ಇಲ್ಲ ಅನ್ನಲು ಮನಸ್ಸು ಬರದೆ, ನಾನು ಸ್ನಾನಕ್ಕೆ ಹೋದಾಗ ಹಾಕಿ ಕೇಳಿ ಒಂದು ಸಾಲು ಬಾಯಿಪಾಠ ಮಾಡಿದ್ದರಂತೆ. "ನಿಂಗೆ ಖುಷಿ ಆಗ್ಲಿ ಅಂತ ಕಣೆ" ಅಂದರು. ಇಂಥವರ ಮೇಲೆ ಹೇಗೆ ಕೋಪ ಮಾಡಿಕೊಳ್ಳುವುದು? ಕೋಪ ಬರಲಿಲ್ಲ. ಆದರೆ ಆ ಕ್ಷಣ ಈ ಊರಿನಲ್ಲಿ ನಾನೊಬ್ಬಳೇ ಆಗಿಬಿಟ್ಟೆ.

ಅಡುಗೆಮನೆಯಲ್ಲಿ ಅಳುತ್ತಿದ್ದದ್ದನ್ನು ಅತ್ತೆ ನೋಡಿದರು. ಸತ್ತವನು ಯಾರೆಂದು ಹೇಗೆ ಹೇಳಲಿ? ತವರು ನೆನಪಾಯಿತು ಅಂದೆ. ಅವರು ಸೆರಗಿನಿಂದ ನನ್ನ ಮುಖ ಒರೆಸಿ, "ಆಷಾಢದವರ್ಗೂ ತಡ್ಕೊ ತಾಯಿ. ನಾವೆಲ್ಲ ಹಿಂಗೇ ಅತ್ತಿರೋರು" ಅಂದರು. ಸುಳ್ಳು ಹೇಳಿದ್ದಕ್ಕೆ ಇನ್ನಷ್ಟು ಅಳು ಬಂತು. ಆಮೇಲೆ ಯೋಚಿಸಿದರೆ, ಅದು ಸುಳ್ಳೂ ಅಲ್ಲ. ನೆನಪಾದದ್ದು ಸ್ಟೇಷನ್ನಿನ ಬೆಂಚು.

ಅವನು ತಾಯಿಗೆ ಹೇಳುವ ಹಾಡನ್ನು ನೀನು ಕನ್ನಡ ಮಾಡಿದ್ದೆಯಲ್ಲ, "ಅಗುಳಿ ಹಾಕ್ಬೇಡ ಕಣವ್ವಾ, ಬರೋನಿದೀನಿ, ಹೊತ್ತಾದ್ರೂ ಸೈ, ಸೋತಾದ್ರೂ ಸೈ, ಬರೋನಿದೀನಿ." ಬೆಳಗಿನಿಂದ ಅದೇ ಬಾಯಲ್ಲಿ. ಇಂಗ್ಲಿಷ್ ಸಾಲು ನೆನಪಿಗೇ ಬರುತ್ತಿಲ್ಲ, ನಿನ್ನದೇ ಬರುತ್ತದೆ.

ನೀನು ಏನು ಮಾಡಿದೆ? ಕಾಂತೇಶ ಏನು ಮಾಡಿದ? ಬೇಗ ಬರಿ.

ಅನು


ಹುಬ್ಬಳ್ಳಿ
26 ಏಪ್ರಿಲ್ 2001

ಶಶಿ,

ನೀನು ಕಳಿಸಿದ ಕಾರ್ಡು ಬಂತು. ಬಂದದ್ದು ನನ್ನ ಕೈಗಲ್ಲ, ಅತ್ತೆಯ ಕೈಗೆ.

"ಶ್ರೀ ಜೋನಣ್ಣನವರು ಶಿವೈಕ್ಯರಾದ ಪ್ರಯುಕ್ತ ಶಿವಗಣಾರಾಧನೆ, ಗುಬ್ಬಿಯ ಸ್ವಗೃಹದಲ್ಲಿ" ಎಂದು ಅಚ್ಚು ಹಾಕಿದ್ದೀಯ. ಅವನ ಫೋಟೋದ ಅಚ್ಚಿಲ್ಲವೆಂದು ಮೇಲೆ ಲಿಂಗದ ಚಿತ್ರ. ಮೂಲೆಗೆಲ್ಲ ಕಪ್ಪು. ನಾನಾಗಿದ್ದರೆ ಒಂದೇ ಸಮ ನಕ್ಕು, ಆಮೇಲೆ ಅತ್ತು, ಎದೆಗೊತ್ತಿಕೊಳ್ಳುತ್ತಿದ್ದೆ. ಆದರೆ ಕೆಳಗೆ "ದುಃಖತಪ್ತರು" ಎಂದು ಹಾಕಿ ನಿನ್ನ ಹೆಸರು, ನನ್ನ ಹೆಸರು, ಕಾಂತೇಶನ ಹೆಸರು ಹಾಕಿದ್ದೀಯಲ್ಲೇ, ಮಾರಾಯ್ತಿ.

ಅತ್ತೆ ಹೊಸಿಲ ಆಚೆಯೇ ನಿಂತು ಓದಿ, ನನ್ನ ಕಣ್ಣ ಮುಂದೆ ಹಿಡಿದು ತೋರಿಸಿ, ಅಲ್ಲೇ ಹರಿದು, ಚರಂಡಿಗೆ ಹಾಕಿದರು. ನನ್ನನ್ನು ಸ್ನಾನಕ್ಕೆ ಕಳಿಸಿ, ಒದ್ದೆ ಕೂದಲಿನಲ್ಲೇ ಕೂರಿಸಿ ಕೇಳಿದರು.

"ಜೋನಣ್ಣ ಅಂದ್ರೆ ನಿಂಗೇನಾಗಬೇಕು?"

"ಏನೂ ಇಲ್ಲ ಅತ್ತೆ."

"ಏನೂ ಇಲ್ದೋರ ಆರಾಧನೆ ಕಾರ್ಡಲ್ಲಿ ನನ್ನ ಸೊಸೆ ಹೆಸರು ಯಾಕೆ ಬಂತು? ಅದೂ ಎಲ್ಲರಿಗಿಂತ ದಪ್ಪಕ್ಕರದಲ್ಲಿ. ಮನೆಮಗಳಿಗೆ ಹಾಕ್ದಂಗೆ. ಆವತ್ತು ಅತ್ತಿದ್ದು ಇದಕ್ಕೇನಾ?"

ನಾನು ಇಲ್ಲ ಅನ್ನಲಿಲ್ಲ, ಅವರು ಅದನ್ನೇ ಹೌದು ಎಂದುಕೊಂಡರು. ಹತ್ತಿರದವರು ಯಾರೋ ತೀರಿಹೋಗಿದ್ದಾರೆ, ಅಪ್ಪ ಮುಚ್ಚಿಟ್ಟಿದ್ದಾರೆ ಎಂದು ಅವರ ಲೆಕ್ಕ. "ನಮ್ಮೋರಲ್ಲಿ ಸೂತಕ ಇಲ್ಲ ಅಂತಾರೆ, ಇರ್ಲಿ. ಆದ್ರೂ ಮದ್ವೆ ಆದ್ ವರ್ಷ ಸಾವಿನ ಮನೆ ಮೆಟ್ಲು ತುಳೀಬಾರ್ದು. ಆಷಾಢಕ್ಕೆ ತುಮಕೂರಿಗೆ ಹೋಗು, ತವರಲ್ಲಿರು, ಬಾ. ಗುಬ್ಬಿಗೆ ಮಾತ್ರ ವರ್ಷ ತುಂಬೋವರ್ಗೂ ಬೇಡ" ಅಂದರು. ಬೈಯಲಿಲ್ಲ. ಬೈದಿದ್ದರೆ ವಾದ ಮಾಡಬಹುದಿತ್ತು. ಕೈ ಹಿಡಿದುಕೊಂಡು ಹೇಳಿದರು.

ಆಷಾಢಕ್ಕೆ ನಾನು ಬರುತ್ತಿದ್ದದ್ದೇ ಗುಬ್ಬಿಗೆ, ಶಶಿ. ತುಮಕೂರು ನೆಪ. ಈಗ ಏನು ಮಾಡಲಿ? ಯಾಕೆ ಹೀಗೆ ಮಾಡಿದೆ? ತಮಾಷೆಗೆ ಅಂತಲೇ ಇರಲಿ, ನನ್ನ ಹೆಸರೊಂದು ಬಿಡಬಹುದಿತ್ತಲ್ಲ.

ಅನು


ಗುಬ್ಬಿ
4 ಮೇ 2001

ಅನು,

ತಮಾಷೆ ಅಲ್ಲ.

ಕಾಂತೇಶ ಅಂಗಡಿಗೆ ಬೀಗ ಹಾಕಿ ಕುಣಿಗಲ್ಲಿನಿಂದ ಬಸ್ಸು ಹತ್ತಿ ಬಂದು ಸುದ್ದಿ ಹೇಳಿದ. ಪ್ರೆಸ್ಸಿನ ಮೆಟ್ಟಿಲ ಮೇಲೆ ಕೂತು, "ಬೆಂಗ್ಳೂರಿನ ಬಂಡಲ್‌ನಲ್ಲಿ ತಪ್ಪಾಗಿ ಬಂದಿದ್ ಕ್ಯಾಸೆಟ್ಟು ಕಣೇ, ವಾಪಸ್ ಕಳಿಸ್ಬಿಟ್ಟಿದ್ರೆ ಇವತ್ತು ಇಷ್ಟೊಂದು ಅಳೋದೇ ಇರ್ತಿರ್ಲಿಲ್ಲ" ಅಂದ. ಅಲ್ಲಿ ಸಾವಿರಾರು ಜನ ಬೀದಿಯಲ್ಲಿ ನಿಂತಿದ್ದಾರೆ, ಇಲ್ಲಿ ನಾವು ಏನು ಮಾಡುವುದು? ನಮಗೆ ಗೊತ್ತಿರುವುದು ಒಂದೇ ರೀತಿ. ಯಾರಾದರೂ ಹೋದರೆ ನಮ್ಮ ಪ್ರೆಸ್ಸಿಗೆ ಬಂದು ಆರಾಧನೆಯ ಕಾರ್ಡು ಹಾಕಿಸುತ್ತಾರೆ. ಆ ಒಕ್ಕಣೆ ಯಾವಾಗಲೂ ಜೋಡಿಸಿಟ್ಟೇ ಇರುತ್ತದೆ, ಹೆಸರು, ದಿನ ಬದಲಿಸಿದರೆ ಸಾಕು. ಬದಲಿಸಿದೆ.

ಹನ್ನೊಂದನೇ ದಿನ ಕಾಂತೇಶ ಬಂದ, ಅಮೃತೂರಿನ ಹುಡುಗರು ಬಂದರು. ಅವ್ವನಿಗೆ ಮೊದಲು ಏನೂ ಹೇಳಿರಲಿಲ್ಲ. "ಅಮೆರಿಕದೋನು ಸತ್ರೆ ನಮ್ಮನೇಲಿ ಎಲೆ ಹಾಕ್ಬೇಕೇನ್ಲೇ?" ಎಂದು ಕೂಗಾಡಿದಳು. ಆಮೇಲೆ ಹುಡುಗರ ಮುಖ ನೋಡಿ ಒಲೆ ಹಚ್ಚಿದಳು. "ಸತ್ತೋನು ಯಾರಾದ್ರೇನು, ಬಂದೋರಿಗೆ ಹಸಿವಾಗಿರ್ತದೆ." ಪಾಯಸ ಮಾಡಿದಳು. ಅಪ್ಪ ಟೇಪ್ ರೆಕಾರ್ಡರಿಗೆ ವಿಭೂತಿ ಹಚ್ಚಿ ಹೂವು ಇಟ್ಟ. ಒಂದು ಹಾಡು ಕೇಳಿ, "ಮಾತು ಗಟ್ಟಿ ಐತೆ ಬುಡು" ಅಂದ. ಕೊನೆಗೆ ನನ್ನ ಕನ್ನಡದ ಅಗುಳಿ ಹಾಡನ್ನು ಹೇಳು ಎಂದು ಎಲ್ಲರೂ ಹಟ ಹಿಡಿದರು. ಹೇಳಿದೆ. ಅರ್ಧಕ್ಕೆ ಅತ್ತುಬಿಟ್ಟೆ, ಮುಂದಿನದನ್ನು ಹುಡುಗರು ಹೇಳಿ ಮುಗಿಸಿದರು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಎಲ್ಲರೂ ಹೋದಮೇಲೆ ಕೇಳಿದಳು, "ನಿಜ ಹೇಳು, ನೀನು ಅತ್ತಿದ್ದು ಅವನಿಗೇನಾ?"

ನಿನ್ನ ಹೆಸರಿನ ವಿಷಯ. ನಿನ್ನ ಮದುವೆಯ ಕಾರ್ಡು ಜೋಡಿಸಿದ್ದು ನಾನು. ನಿಮ್ಮಪ್ಪ ಮಹಾಲಿಂಗಯ್ಯನವರು ನಮ್ಮ ಪ್ರೆಸ್ಸಿಗೇ ಕೊಡಬೇಕೆಂದು ತುಮಕೂರಿನಿಂದ ಬಂದಿದ್ದರು, ನನ್ನ ಮೇಲಿನ ಪ್ರೀತಿಗೆ. ದೊಡ್ಡ ಮೊಳೆಯಲ್ಲಿ "ಚಿ. ಸೌ. ಅನುಪಮಾ" ಕೂರಿಸಿ, ಪಕ್ಕಕ್ಕೆ ನಾಗಭೂಷಣ್ ಅವರದನ್ನು ಕೂರಿಸಿದೆ. ಮೊಳೆಯಲ್ಲಿ ಹೆಸರು ತಿರುಗುಮುರುಗಾಗಿರುತ್ತದೆ, ನಿನಗೆ ತೋರಿಸಿದ್ದೆ. ಅಚ್ಚಾದಮೇಲೆ ಒಂದೊಂದು ಅಕ್ಷರವನ್ನೂ ಬಿಡಿಸಿ ಅದರದರ ಖಾನೆಗೆ ಹಾಕಬೇಕು. ಎಲ್ಲ ಹಾಕಿದೆ. ನಿನ್ನ ಹೆಸರು ಬಿಡಿಸಲಾಗಲಿಲ್ಲ. ದಾರ ಕಟ್ಟಿ ಕಿಟಕಿಯ ಮೇಲೆ ಇಟ್ಟುಕೊಂಡೆ. ಮದುವೆಯ ದಿನವೂ ಅದು ಅಲ್ಲೇ ಇತ್ತು, ನಾನೂ ಇಲ್ಲೇ ಇದ್ದೆ. ಕೆಲಸ ಏನೂ ಇರಲಿಲ್ಲ.

ಜೋನಣ್ಣನ ಕಾರ್ಡಿಗೆ ಹೆಸರು ಹಾಕುವಾಗ ಅದನ್ನೇ ತೆಗೆದು ನನ್ನ ಹೆಸರಿನ ಪಕ್ಕಕ್ಕೆ ಕೂರಿಸಿದೆ, ಅಚ್ಚಾದಮೇಲೆ ಮತ್ತೆ ದಾರ ಕಟ್ಟಿ ಕಿಟಕಿಯ ಮೇಲಿಟ್ಟೆ. ಅದಕ್ಕೇ ದಪ್ಪ ಅಕ್ಷರ. ನಿಮ್ಮತ್ತೆಗೆ ಕಣ್ಣು ಚುರುಕು. ಕಾರ್ಡು ಬೇರೆಯವರ ಕೈಗೆ ಸಿಗಬಹುದೆಂದು ತೋಚಲೇ ಇಲ್ಲ. ಒಂದೇ ಒಂದು ಕಾಗದದ ಮೇಲಾದರೂ ಎರಡೂ ಹೆಸರು ಒಂದೇ ಸಾಲಿನಲ್ಲಿ ಇರಲಿ ಅನ್ನಿಸಿತು, ಅಷ್ಟೇ ತೋಚಿದ್ದು.

ಬರಬೇಡ ಎಂದು ನಿಮ್ಮತ್ತೆ ಹೇಳಿದ್ದರೆ ಬರಬೇಡ.

ಶಶಿ


ಗುಬ್ಬಿ
28 ಮೇ 2001

ಅನು,

ಉತ್ತರವಿಲ್ಲ. ನಾನು ಹಾಗೆಲ್ಲ ಬರೆಯಬಾರದಿತ್ತು. ಪತ್ರ ಹರಿದುಹಾಕು, ಚರಂಡಿಗೆ ಹಾಕುವುದು ನಿಮ್ಮ ಮನೆಯಲ್ಲಿ ರೂಢಿ ಇದೆಯಲ್ಲ.

ನಗು ಬರಲಿ ಎಂದು ಬರೆದೆ. ಬರದಿದ್ದರೆ ಬಿಡು.

ಇನ್ನು ಎರಡು ವಾರದಲ್ಲಿ ಪ್ರೆಸ್ಸಿನಲ್ಲಿ ಕೆಲಸ ಕಮ್ಮಿ. ಆಷಾಢದಲ್ಲಿ ಯಾರೂ ಕಾರ್ಡು ಹಾಕಿಸುವುದಿಲ್ಲ. ಸಂಜೆ ಟ್ರೇನಿನ ಸದ್ದು ಇಲ್ಲಿಗೆ ಕೇಳುತ್ತದೆ. ಮೊದಲೂ ಕೇಳುತ್ತಿತ್ತೋ ಏನೋ, ಆಗ ನಾನು ಅದರೊಳಗೇ ಇರುತ್ತಿದ್ದೆ.

ಶಶಿ


ಹುಬ್ಬಳ್ಳಿ
9 ಜೂನ್ 2001

ನನ್ನ ಶಶಿ,

ನಿನ್ನ ಪತ್ರ ಹರಿದಿಲ್ಲ. ಉತ್ತರ ಬರೆಯಲು ಕೂತಾಗಲೆಲ್ಲ ಬರೀ "ಶಶಿ" ಎಂದು ಬರೆದು ಕೂತುಬಿಡುತ್ತಿದ್ದೆ. ಮಾತಿನ ಮಲ್ಲಿ ಎನ್ನುತ್ತಿದ್ದೆಯಲ್ಲ ನನ್ನನ್ನು, ನೋಡು ಈಗ. ಎರಡು ತಿಂಗಳು ನಾನು ಖುಷಿ ಖುಷಿ ಎಂದು ಪುಟಗಟ್ಟಲೆ ಬರೆದೆ, ಫೋಟೋದಲ್ಲಿ ಜಾಗ ಬಿಟ್ಟಿದ್ದೇನೆ ಎಂದು ದೊಡ್ಡದಾಗಿ ಹೇಳಿದೆ. ಆ ಜಾಗ ಯಾಕೆ ಖಾಲಿ ಇತ್ತೆಂದು ಒಂದು ಸಲವೂ ಯೋಚಿಸಲಿಲ್ಲ. ನಾನು ಇಲ್ಲಿ ಸುಖವಾಗಿದ್ದೇನೆ, ಅದು ಸುಳ್ಳಲ್ಲ. ಇವರು ಒಳ್ಳೆಯವರು. ಆದರೂ ಒಂದು ಕಿವಿ ಖಾಲಿಯಾಗಿಯೇ ಇದೆ. ಅದನ್ನು ತುಂಬಿಸು ಎಂದು ಇವರನ್ನು ಕೇಳುವುದನ್ನು ಬಿಟ್ಟಿದ್ದೇನೆ. ಅದು ಇವರ ಜಾಗ ಅಲ್ಲ.

ಹೋದ ವಾರ ಅತ್ತೆಯ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಜೋನಣ್ಣ ಗುಬ್ಬಿಯವನಲ್ಲ, ಅಮೆರಿಕದವನು, ಹಾಡುವವನು ಎಂದು. ಅವರು ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಹಾಡೋನಾ? ಹಾಕು ನೋಡಾಣ."

ಇವರ ಟೇಪ್ ರೆಕಾರ್ಡರ್ ತಂದು ಹಾಕಿದೆ. ಸ್ವಲ್ಪ ಹೊತ್ತು ಕೇಳಿ, "ಇದು ಹಾಡಲ್ಲ, ಜಗಳ" ಅಂದರು. ಆಮೇಲೆ, "ಯಾರ್ ಮೇಲೆ ಜಗಳ ಆಡ್ತಾನೆ?" ಅಂದರು. ಅವ್ವನ ಹತ್ತಿರ ಅಂದೆ. ನಿನ್ನ ಸಾಲನ್ನು ಹೇಳಿದೆ, ಅಗುಳಿ ಹಾಕ್ಬೇಡ ಕಣವ್ವಾ. ಮೊರದ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿದೆ, ನನ್ನದು ನಿನ್ನಷ್ಟು ಸರಿ ಬರುವುದಿಲ್ಲ.

"ಪಾಪ, ಅವರವ್ವ ಇದಾಳಾ?"

"ಇದಾರಂತೆ ಅತ್ತೆ."

"ಇನ್ಮೇಲೆ ಅಗುಳಿ ಹಾಕ್ಕೊಂಡ್ರೂ ಒಂದೇ, ಬಿಟ್ರೂ ಒಂದೇ ಅವ್ಳಿಗೆ." ಮತ್ತೆ ಮೊರ ಎಳೆದುಕೊಂಡರು. "ಇದನ್ನ ಕನ್ನಡ ಮಾಡಿದ್ದು ಆ ಗುಬ್ಬಿ ಹುಡ್ಗೀನಾ? ಅವ್ಳೇನಾ ನಿನ್ ಹೆಸರನ್ನ ದಪ್ಪಕ್ಕರದಲ್ಲಿ ಹಾಕಿದ್ದು?"

ಹೌದು ಅಂದೆ. ಮೊಳೆಯ ವಿಷಯ ಹೇಳಲಿಲ್ಲ. ಅದು ನಮ್ಮಿಬ್ಬರದು.

ಅತ್ತೆ ಅಕ್ಕಿಯಲ್ಲಿ ಕಲ್ಲು ಇಲ್ಲದಿದ್ದರೂ ಹುಡುಕುತ್ತಿದ್ದರು. ಆಮೇಲೆ ತಮ್ಮಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದರು, "ಕಡೂರಲ್ಲಿ ನಂಗೂ ಒಬ್ಳಿದ್ಲು, ಲಕ್ಷ್ಮೀದೇವಮ್ಮ ಅಂತ. ಒಂದೇ ಬಿಂದಿಗೇಲಿ ಇಬ್ರೂ ನೀರು ತರ್ತಿದ್ವಿ. ಈಗ ಎಲ್ಲವಳೋ." ನಾನು ಮುಂದೇನಾಯಿತು ಎಂದು ಕೇಳುವುದರೊಳಗೆ ಎದ್ದು ಒಳಗೆ ಹೋದರು. ಸಂಜೆ ಪಂಚಾಂಗ ತಂದು ಇವರ ಕೈಗೆ ಕೊಟ್ಟು, ಅಮಾವಾಸ್ಯೆಗೆ ಮುಂಚೆ ಒಳ್ಳೆಯ ದಿನ ನೋಡು ಅಂದರು. ನನಗೆ ಹೇಳಿದ್ದು ಇಷ್ಟೇ, "ಸಾವಿನ ಮನೆ ಅಲ್ದಿದ್ಮೇಲೆ ನಂದೇನೈತೆ? ಗುಬ್ಬೀಲೇ ಇಳ್ಕೊ. ಆದ್ರೆ ಅವ್ಳಿಗೆ ಹೇಳು, ಬದುಕಿರೋರ ಹೆಸರನ್ನ ಇನ್ಮೇಲೆ ಒಳ್ಳೇ ಕಾರ್ಡಲ್ಲಿ ಹೊಡೀಲಿ."

ಅಪ್ಪ ಕರೆಯಲು ಬರುತ್ತಾರೆ. ಟ್ರಂಕು ಅವರ ಜೊತೆ ತುಮಕೂರಿಗೆ ಹೋಗುತ್ತದೆ. ನಾನು ನಿಮ್ಮ ಮನೆಯಲ್ಲಿದ್ದು, ನಿಮ್ಮವ್ವ ಕಲ್ಲಮ್ಮನವರ ಕೈಯಡುಗೆ ಉಂಡು, ಸಾಕಾದಾಗ ಬಸ್ಸಿನಲ್ಲಿ ಹೋಗುತ್ತೇನೆ. ಬೇಗ ಸಾಕಾಗುವುದಿಲ್ಲ ಎಂದು ಅಪ್ಪನಿಗೂ ಬರೆದಿದ್ದೇನೆ. ಕಾಂತೇಶನಿಗೆ ಹೇಳು, ಆದರೆ ಮೊದಲ ದಿನ ಬರಬೇಡ ಅನ್ನು.

ಕಿಟಕಿಯ ಮೇಲಿನ ನನ್ನ ಹೆಸರನ್ನು ನಾನು ಬರುವವರೆಗೆ ಬಿಚ್ಚಬೇಡ. ತಿರುಗುಮುರುಗಾದದ್ದನ್ನು ಒಂದು ಸಲ ನೋಡಬೇಕು, ಕೈಗೆ ಮಸಿ ಮಾಡಿಕೊಳ್ಳಬೇಕು. ಆಮೇಲೆ ಇಬ್ಬರೂ ಕೂತು ದಾರ ಬಿಚ್ಚಿ ಒಂದೊಂದು ಅಕ್ಷರವನ್ನೂ ಅದರ ಖಾನೆಗೆ ಹಾಕೋಣ. ಯಾವುದು ಎಲ್ಲಿಗೆ ಎಂದು ನೀನು ಹೇಳು, ನಾನು ಹಾಕುತ್ತೇನೆ. ನನಗೆ ಅಕ್ಷರಗಳ ಖಾನೆ ಗೊತ್ತಿಲ್ಲ, ತಪ್ಪಾಗುತ್ತದೆ, ಸಂಜೆಯವರೆಗೂ ಆಗುತ್ತದೆ. ಆಗಲಿ.

ವಾಕ್‌ಮನ್‌ಗೆ ಹೊಸ ಸೆಲ್ಲು ಇವರೇ ತಂದುಕೊಟ್ಟಿದ್ದಾರೆ.

ಜೂನ್ ಹದಿನೆಂಟು, ಸೋಮವಾರ, ಹುಬ್ಬಳ್ಳಿ–ಬೆಂಗಳೂರು ಪ್ಯಾಸೆಂಜರ್. ಅಗುಳಿ ಹಾಕ್ಬೇಡ ಕಣೇ, ಗುಬ್ಬಿಯಲ್ಲೇ ಇಳಿಯುತ್ತೇನೆ.

ಅನು